ಅರವತ್ತು ಹೆಜ್ಜೆಯ ಮೊದಲ ಹೆಜ್ಜೆ

"ಈ ಕಡೆಯ ಹಳ್ಳಿಯವರಿಗೆ ಇತಿಹಾಸದ ಬೆಲೆ ಗೊತ್ತಿಲ್ಲ. ಶಾಸನದ ಕಲ್ಲಿನ ಮೇಲೆ ಬಟ್ಟೆ ಒಗೀತಾರೆ."

ಎಲೆಕ್ಟ್ರಾನಿಕ್ ಸಿಟಿ ಸುತ್ತಮುತ್ತಲಿನ ಊರುಗಳ ಬಗ್ಗೆ ಈ ಮಾತನ್ನು ನೀವೂ ಕೇಳಿರುತ್ತೀರಿ. ನಾನಂತೂ ಕೇಳಿದ್ದಕ್ಕಿಂತ ಹೇಳಿದ್ದೇ ಹೆಚ್ಚು. ಈಗ ಹೇಳುವುದಿಲ್ಲ. ಅಂಥದ್ದೊಂದು ಊರಿನ ಇತಿಹಾಸ ಅಳಿಸಿದವರಲ್ಲಿ ನಾನೂ ಒಬ್ಬ.

ಎರಡು ವರ್ಷದ ಹಿಂದಿನ ಮಾತು. ಫ್ಲೈಓವರ್ ಇಳಿದು ಎಡಕ್ಕೆ ತಿರುಗಿದರೆ ಸಿಗುವ ಊರು. ಅಲ್ಲಿನ ಕೆರೆ ಏರಿಯ ಮೇಲೆ ಎದೆಯೆತ್ತರದ ಶಾಸನದ ಕಲ್ಲೊಂದಿತ್ತು. ಮೇಲೆ ಸೂರ್ಯ, ಚಂದ್ರ. ಕೆಳಗೆ, ಕೆರೆ ಕಟ್ಟಿಸಿದವನಿಗೆ ಗದ್ದೆ ಬಿಟ್ಟುಕೊಟ್ಟ ವಿವರ. ಪಕ್ಕದಲ್ಲೇ ಟೆಕ್ ಪಾರ್ಕಿನ ರಸ್ತೆ ಅಗಲವಾಗುತ್ತಿತ್ತು. ಕಲ್ಲು ಜೆಸಿಬಿ ಬಾಯಿಗೆ ಬೀಳುವ ಮೊದಲು ಅದನ್ನು ದೇವಸ್ಥಾನದ ಅಂಗಳಕ್ಕೆ ಸಾಗಿಸೋಣ ಎಂದು ನಾವು ನಾಲ್ವರು ಗೆಳೆಯರು (ವೀಕೆಂಡ್ ಇತಿಹಾಸಪ್ರೇಮಿಗಳು) ಊರವರ ಸಭೆ ಸೇರಿಸಿದೆವು.

ಬೇಡ ಅಂದವರು ಒಬ್ಬರೇ. ಮುನಿಯಮ್ಮ. ಅವರದು ನೀರಗಂಟಿ ಮನೆತನ. ಕೆರೆಯ ತೂಬು ತೆಗೆದು ಯಾವ ಗದ್ದೆಗೆ ಎಷ್ಟು ನೀರು ಎಂದು ಹಂಚುತ್ತಿದ್ದವರು. ಗದ್ದೆಗಳೆಲ್ಲ ಸೈಟುಗಳಾದ ಮೇಲೂ ಪ್ರತಿ ಯುಗಾದಿಗೆ ಆಕೆ ಕಲ್ಲಿಗೆ ದೀಪ ಹಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತು, ಅರವತ್ತು ಹೆಜ್ಜೆ ಎಣಿಸುತ್ತಾ ನಡೆಯುತ್ತಿದ್ದರು. ಹೂಳಿನಲ್ಲಿ ಮುಚ್ಚಿಹೋದ ತೂಬು ಅಲ್ಲಿತ್ತು. ಅದರ ಮೇಲೆ ಅರಿಶಿನದ ನೀರು ಸುರಿದು ಮನೆಗೆ ಮರಳುತ್ತಿದ್ದರು.

"ಕಲ್ಲು ಅಲ್ಲಾಡಿಸಬೇಡ್ರಪ್ಪಾ," ಅಂದರು ಮುನಿಯಮ್ಮ. "ನಮ್ಮ ಲೆಕ್ಕ ಎಲ್ಲಾ ಅಲ್ಲಿಂದಲೇ ಸುರು."

ಕಾಲೇಜಿನಲ್ಲಿ ಡಿಬೇಟ್ ಕಪ್ಪುಗಳನ್ನು ಹೊತ್ತು ತಂದವನಿಗೆ ಇದೂ ಒಂದು ವಾದವೇ? ಎದ್ದು ನಿಂತೆ.

"ಅಜ್ಜಿ, ದೀಪ ಎಲ್ಲಿಟ್ರೂ ದೀಪಾನೇ. ಕಲ್ಲು ಒಡೆದು ಹೋದ್ಮೇಲೆ ನಿಮ್ಮ ನಂಬಿಕೆ ಅದನ್ನ ಜೋಡಿಸುತ್ತಾ?"

"ಸಕ್ಕತ್ತಾಗ್ ಹೇಳ್ದೆ ಗುರು!" ಎಂದು ಹಿಂದಿನಿಂದ ಯಾರೋ ಕೂಗಿದರು. ಸಭೆ ನಕ್ಕಿತು. ಮುನಿಯಮ್ಮ ಸೆರಗು ಸರಿಮಾಡಿಕೊಂಡು ಕೂತುಬಿಟ್ಟರು.

(ನಂಬಿಕೆ ಎಂಬ ಪದವನ್ನು ಆಕೆ ಬಳಸಿರಲೇ ಇಲ್ಲ. ಲೆಕ್ಕ ಅಂದಿದ್ದರು. ಎದುರಾಳಿ ಆಡದ ಮಾತನ್ನು ಅವರ ಬಾಯಲ್ಲಿಟ್ಟು ಗೆಲ್ಲುವುದು ನಮ್ಮ ಹಳೇ ಪಟ್ಟು.)

ಕಲ್ಲು ದೇವಸ್ಥಾನಕ್ಕೆ ಹೋಯಿತು. ಸುತ್ತ ಗ್ರಿಲ್ ಹಾಕಿಸಿದೆವು, ಸೆಲ್ಫಿ ತೆಗೆದುಕೊಂಡೆವು. ಕೆಲವೇ ತಿಂಗಳಲ್ಲಿ ಏರಿಯೂ ಹೋಯಿತು. ಅದರ ಹುಣಸೆಮರಗಳೂ ಹೋದವು. ಕೆರೆಯ ಮೇಲೆ ಲಾರಿಗಟ್ಟಲೆ ಮಣ್ಣು ಬಿತ್ತು.

ಲೇಔಟಿನ ಕಂಬಗಳು ಎದ್ದಾಗ, ಇದು ಕೆರೆಯ ಜಾಗ, ಕೆಲಸ ನಿಲ್ಲಿಸಿ ಎಂದು ಮುನಿಯಮ್ಮ ತಾಲ್ಲೂಕು ಆಫೀಸಿಗೆ ಅರ್ಜಿ ಕೊಟ್ಟರು. ಬರೆದುಕೊಟ್ಟವನು ನಾನೇ. ಆಫೀಸಿನ ಹಳೇ ನಕ್ಷೆಯಲ್ಲಿ ಕೆರೆಯಿದ್ದ ಮೂಲೆಯೇ ಮಾಸಿಹೋಗಿತ್ತು. ತೂಬು ಇದ್ದ ಜಾಗ ತೋರಿಸಿದರೆ ಅಗೆಸಿ ನೋಡುತ್ತೇವೆ, ಸಿಕ್ಕಿದರೆ ಕೆಲಸ ನಿಲ್ಲಿಸುತ್ತೇವೆ ಎಂದರು ಆಫೀಸಿನವರು. ಉಳಿದಿದ್ದ ದಾರಿ ಅದೊಂದೇ. ಕಳೆದ ವಾರ ಸರ್ವೆಯರ್ ಬಂದರು.

"ಕಲ್ಲಿಂದ ಅರವತ್ತು ಎಜ್ಜೆ, ಸ್ವಾಮಿ."

"ಸರಿ ಅಮ್ಮ. ಕಲ್ಲು ಎಲ್ಲಿತ್ತು?"

ಮುನಿಯಮ್ಮ ಚಪ್ಪಲಿ ಬಿಟ್ಟು ಮಣ್ಣಿನ ಮೇಲೆ ನಡೆದರು. ಒಂದು ಕಡೆ ನಿಂತರು. "ಇಲ್ಲೇ... ಅಲ್ಲ, ಆ ಕಂಬದಿಂದ ಆಚೆ ಇರಬೇಕು." ಮತ್ತೆ ನಡೆದರು. ಎಲ್ಲಿ ನಿಂತರೂ ಒಂದೇ ಮಟ್ಟದ ಕೆಂಪು ನೆಲ. ಅರವತ್ತು ಹೆಜ್ಜೆ ಆಕೆಯ ಕಾಲಲ್ಲಿ ಇನ್ನೂ ಇದ್ದವು. ಮೊದಲನೆಯದನ್ನು ಎಲ್ಲಿಂದ ಇಡಬೇಕು?

"ಹಿಂಗಾದ್ರೆ ಎಲ್ಲೀಂತ ಅಗೆಸೋದಮ್ಮ?" ಸರ್ವೆಯರ್ ಕೆಟ್ಟವರೇನಲ್ಲ, ಬಿಸಿಲಲ್ಲಿ ಒಂದು ಗಂಟೆ ಕಾದಿದ್ದರು. ನನ್ನತ್ತ ತಿರುಗಿದರು. "ಫೋಟೋ ಗೀಟೋ ಏನಾದ್ರೂ ಇದ್ಯಾ ಸಾರ್?"

ಇಲ್ಲದೆ ಏನು? ಲ್ಯಾಪ್‌ಟಾಪ್ ತೆರೆದೆ. ಒಂದು ಫೋಲ್ಡರ್ ತುಂಬ ಇದ್ದವು. ಒಂದೊಂದಾಗಿ ಸರಿಸುತ್ತಾ ಹೋದೆ. ಎಲ್ಲವೂ ಅಕ್ಷರಗಳ ಕ್ಲೋಸಪ್. ಸಾಲುಗಳು ಸ್ಪಷ್ಟವಾಗಿ ಮೂಡಲಿ ಎಂದು ನಾವು ಕಲ್ಲಿನ ಹಿಂದೆ ಬಿಳಿ ಬೆಡ್‌ಶೀಟ್ ಹಿಡಿದು ಫೋಟೋ ತೆಗೆದಿದ್ದೆವು. ಏರಿಯಿಲ್ಲ, ಮರವಿಲ್ಲ, ನೀರಿಲ್ಲ. ಒಂದರಲ್ಲಿ ಮಾತ್ರ ಶೀಟಿನ ಅಂಚಿನಾಚೆ ಏನೋ ಹಸಿರು ಕಾಣುತ್ತಿತ್ತು. ಜೂಮ್ ಮಾಡಿದೆ. ನನ್ನ ಗೆಳೆಯನ ಟೀ ಶರ್ಟು.

ಸರ್ವೆಯರ್ ಪೆನ್ನಿನ ಕ್ಯಾಪ್ ತೆಗೆದು ರಿಪೋರ್ಟ್ ಬರೆಯಲು ಕೂತರು. ಮುನಿಯಮ್ಮ ನನ್ನ ಹತ್ತಿರ ಬಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಏನಾದರೂ ವಾದ ಹೂಡುತ್ತಿದ್ದೆನೇನೋ.

"ನೀನಾದ್ರೆ ಚೆಂದಾಗಿ ಮಾತಾಡ್ತೀಯ ಕಣಪ್ಪಾ. ಅವರು ಬರೆಯೋಕೆ ಮುಂಚೆ ನೀನೇ ಯೋಳು, ಕಲ್ಲು ಎಲ್ಲಿಂದ ಕಿತ್ರಿ?"