ಮಲ್ದಕಲ್ಲಿಗೆ ಮುಟ್ಟಿಸದ ಮಾತು

ನಾನು ಮಲ್ದಕಲ್ಲಿಗೆ ಹೋಗಿ ಕೇಳಬೇಕಿತ್ತು. ಹೋಗಲಿಲ್ಲ. ಹೋಗುವುದು ಬೇಡ, ಫೋನಾದರೂ ಮಾಡಬಹುದಿತ್ತು. ಫೋನು ಕೈಯಲ್ಲೇ ಇತ್ತು, ಮಾಡಲಿಲ್ಲ. ಕೇಳದೆಯೇ ಕೇಳಿದೆನೆಂದು ತಮ್ಮನಿಗೆ ಹೇಳಿದೆ. ಆ ಮಾತು ನಂಬಿ ಅವನೂ ಅವನ ಗುಂಪೂ ಅಡವಿಯಲ್ಲೇ ಉಳಿದರು. ಒಬ್ಬ ಸತ್ತ. ತಮ್ಮನ ಎಡಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು. ಆಮೇಲೆ ಮಂದಿ ಮುಂದೆ ನಿಂತು ತಪ್ಪನ್ನೆಲ್ಲ ಅವನ ಮೇಲೆಯೇ ಹಾಕಿದೆ. ಮೊದಲನೆಯದಕ್ಕೆ ಕೊಬ್ಬು ಎನ್ನಬಹುದು. ಎರಡನೆಯದಕ್ಕೆ ಏನೆನ್ನಬೇಕೋ ನನಗೆ ಇನ್ನೂ ತಿಳಿದಿಲ್ಲ.

ನಾನು ಐದನೇ ಕ್ಲಾಸಿನವರೆಗೆ ಓದಿದವಳು. ಅದೂ ರಾಯಚೂರು ಕಡೆ ಅಜ್ಜಿಯ ಮನೆಯಲ್ಲಿದ್ದಾಗ. ಮನೆ ಇರುವುದು ಗಡಿಯಾಚೆ ಮಕ್ತಲ್‌ನಲ್ಲಿ. ತಮ್ಮ ಮೇಸ್ತ್ರಿ. ಕೂಲಿಯವರ ಗುಂಪು ಕಟ್ಟಿಕೊಂಡು ರಸ್ತೆ, ಕಾಲುವೆ, ಸೇತುವೆ ಎಲ್ಲಿದ್ದರೂ ಹೋಗುತ್ತಿದ್ದ. ನಮ್ಮ ಪಾಲಮೂರು ಸೀಮೆಯವರು ದೇಶದ ತುಂಬ ಮಣ್ಣು ಅಗೆದವರು. ದೇಶದ ನಕ್ಷೆಯನ್ನು ನಮ್ಮವರು ಗೋಡೆಯ ಮೇಲೆ ನೋಡಿ ಕಲಿತಿಲ್ಲ, ಹೋಗಿ ಬಂದವರ ಬಾಯಿಂದ ಕಲಿತರು. ಯಾವ ಕಡೆ ಏನು ಬಡಿಯುತ್ತದೆ ಎಂದು ಮಕ್ತಲ್ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತವರಿಗೆ ಗೊತ್ತು. ನಮ್ಮಲ್ಲಿ ಹೊಲದ ಬದುವಿಗೆ ಜಗಳವಾದರೆ ಕೊಡಲಿ, ಬಡಿಗೆ. ತುಂಗಭದ್ರೆ ದಾಟಿದರೆ ಒಂದು ಕಾಲಕ್ಕೆ ನಾಡಬಾಂಬು. ಕಾಶ್ಮೀರದ ಸುರಂಗದ ಕೆಲಸಕ್ಕೆ ಹೋದರೆ ಬಂದೂಕು. ಈಶಾನ್ಯದ ಗುಡ್ಡಗಳಲ್ಲಿ ಊರಿಗೆ ಊರೇ ಎದುರು ನಿಲ್ಲುತ್ತದೆ. ಗೋದಾವರಿ ಆಚೆಯ ಅಡವಿಯಲ್ಲಿ ಕಣ್ಣಿಗೆ ಯಾರೂ ಕಾಣುವುದಿಲ್ಲ. ಸಾವು ಮಣ್ಣಿನೊಳಗೆ ಹೂತಿರುತ್ತದೆ. ಪೊಲೀಸರಿಗೆಂದು ಇಟ್ಟದ್ದು ಗುದ್ದಲಿಯವನಿಗೂ ಸಿಡಿಯುತ್ತದೆ.

ಗುಂಪು ಹೋದರೆ ಮೇಸ್ತ್ರಿಯ ಮನೆಯ ಒಬ್ಬ ಹೆಣ್ಣುಮಗಳು ಊರಲ್ಲಿ ಉಳಿಯಬೇಕು ಎಂಬುದು ನಮ್ಮ ಗುಂಪಿನ ರೂಢಿ. ಅಲ್ಲಿಯ ಸುದ್ದಿಯನ್ನು ಮನೆಮನೆಗೆ ಮುಟ್ಟಿಸುವುದು, ಮನೆಯವರ ಮಾತನ್ನು ಅಲ್ಲಿಗೆ ಹೇಳುವುದು ಅವಳ ಕೆಲಸ. ನಮ್ಮ ಗುಂಪಿಗೆ ಅವಳು ನಾನೇ. ಇನ್ನೊಂದು ಕಟ್ಟುಪಾಡು ಇತ್ತು. ಕೆಲಸದ ಜಾಗ ಕೆಟ್ಟರೆ ಪ್ರತಿಯೊಂದು ಮನೆಯನ್ನೂ ಕೇಳಬೇಕು. ಒಂದೇ ಒಂದು ಮನೆ 'ಬರಲಿ' ಎಂದರೂ ಇಡೀ ಗುಂಪು ಎದ್ದು ಬರಬೇಕು. ಒಬ್ಬನನ್ನು ಕಳಿಸಿ ಉಳಿದವರು ಇರುವಂತಿಲ್ಲ.

ಆ ಸಲ ಗೋದಾವರಿ ಆಚೆಯ ಅಡವಿಗೆ ರಸ್ತೆ ಕೆಲಸಕ್ಕೆ ಹೊರಟ ಗುಂಪಿನಲ್ಲಿ ಮಲ್ದಕಲ್‌ನವನೊಬ್ಬನಿದ್ದ, ನಮ್ಮ ಚಿಗವ್ವನ ಮಗಳ ಗಂಡ. ಅವರನ್ನು ಕಳಿಸಲು ನಾವೆಲ್ಲ ಗದ್ವಾಲ್ ಸ್ಟೇಷನ್ನಿಗೆ ಹೋಗಿದ್ದೆವು. ಅಲ್ಲಿ ಚಿಗವ್ವನ ಮಗಳು ನನ್ನ ತಮ್ಮನ ಎದುರು ನಿಂತಳು.

"ಅಣ್ಣಾ, ಅಡವಿ ಕಡಿ ಬ್ಯಾಡ ಅಂತ ಬಡಕೊಂಡ್ನಿ. ಪುಣಾ ಕಡಿ ಕೆಲಸ ಇಲ್ಲೇನು? ಮಂದೀನ್ನ ಸಾಯಾಕ ಕರ್ಕೊಂಡು ಹೊಂಟಿಯೇನು?"

ತಮ್ಮ ಉತ್ತರ ಕೊಡುವ ಮೊದಲೇ ನಾನು ಬಾಯಿ ಹಾಕಿದೆ. "ಅಷ್ಟು ಅಂಜಿಕಿ ಇದ್ರ ಗಂಡನ್ನ ಸೆರಗಿಗೆ ಗಂಟು ಹಾಕ್ಕೊಂಡು ಮನ್ಯಾಗ ಕುಂಡ್ರಿಸ್ಕೋ. ಒಲಿ ಊದತಾನ."

ಗುಂಪಿನವರೆಲ್ಲ ನಕ್ಕರು. ಅವಳ ಗಂಡನೂ ನಕ್ಕ. ಅವಳು ನನ್ನ ಕಡೆ ತಿರುಗಿದಳು.

"ನಿನಗೇನಕ್ಕಾ, ನಗ್ತಿ. ಗಂಡ ಹೋಗಿ ನಿಶ್ಚಿಂತಿ ಆಗೇತಿ. ಕಳಕೊಳ್ಳಾಕ ಏನೈತಿ ನಿನಗ?"

ನನ್ನ ಗಂಡ ತೀರಿ ಆಗ ವರ್ಷ ತುಂಬಿರಲಿಲ್ಲ. ಆ ದಿನದಿಂದ ಅವಳ ಜೊತೆ ಮಾತು ಬಿಟ್ಟೆ. ಗುಂಪಿನ ಸುದ್ದಿ ಎಲ್ಲ ಮನೆಗೂ ಹೇಳುತ್ತಿದ್ದೆ, ಅವಳಿಗೆ ಮಾತ್ರ ಪಕ್ಕದ ಮನೆಯವರಿಂದ ಹೇಳಿಸುತ್ತಿದ್ದೆ.

ಅಡವಿಯಲ್ಲಿ ಫೋನು ಹತ್ತುತ್ತಿರಲಿಲ್ಲ. ರೇಷನ್ ತರುವ ಟ್ರ್ಯಾಕ್ಟರಿನಲ್ಲಿ ತಮ್ಮ ಒಬ್ಬನೇ ಸಂತೆಯ ದಿನ ಪೇಟೆಗೆ ಬಂದು ನನಗೆ ಫೋನ್ ಮಾಡುತ್ತಿದ್ದ. ಒಂದು ಸಂತೆಯ ದಿನ ಅವನ ದನಿ ಬೇರೆಯೇ ಇತ್ತು.

"ಅಕ್ಕಾ, ಲಗೂ ಕೇಳು, ಟ್ರ್ಯಾಕ್ಟರ್ ಬಿಡಾಕ ಹತ್ಯಾರ. ಬಾಜೂ ಸೈಟ್‌ನಾಗ ರೋಲರ್ ಸುಟ್ಟಾರ. ನಮಗ ಯಾರೂ ಏನೂ ಅಂದಿಲ್ಲ. ಆದ್ರ ಮೋರಿ ದಾಟಿ ಮುಂದ ಹೋಗಬ್ಯಾಡ್ರಿ ಅಂತ ಹಳ್ಳಿ ಮಂದಿ ಹೇಳ್ತಾರ. ಇರೂನೋ, ಬರೂನೋ? ಎಲ್ಲಾ ಮನಿಗೂ ಕೇಳು. ಮಲ್ದಕಲ್ಲಿಗೆ ಮರೀಬ್ಯಾಡ ಮತ್ತ."

ಮಕ್ತಲ್‌ನ ಮನೆಗಳನ್ನು ಅಂದೇ ಸಂಜೆ ಕೇಳಿದೆ. ಮೇಸ್ತ್ರಿ ಜೊತೆಗಿದ್ದಾನಲ್ಲ, ಇರಲಿ ಎಂದರು. ಕೃಷ್ಣಾ ಸ್ಟೇಷನ್ ಕಡೆಯವರಿಗೆ ಫೋನ್ ಮಾಡಿದೆ, ಅವರೂ ಹಾಗೆಯೇ ಅಂದರು. ಗುಂಡುಮಾಲ್‌ಗೆ ಬಸ್ಸಿನಲ್ಲಿ ಹೋದೆ. ಅಲ್ಲಿ ಮಗನನ್ನು ಗುಂಪಿಗೆ ಕಳಿಸಿದ್ದ ಮುದುಕಿ, "ಇರ್ಲಿ ಬಿಡವ್ವಾ. ಇಲ್ಲಿಗೆ ಬಂದ್ರ ಕುಡೀತಾನ. ಅಲ್ಲಿ ಅಡವ್ಯಾಗ ಅಂಗಡಿನರ ಇಲ್ಲ" ಎಂದಳು.

ಉಳಿದದ್ದು ಮಲ್ದಕಲ್. ಫೋನ್ ತೆಗೆದು ಅವಳ ನಂಬರಿನವರೆಗೆ ಹೋದೆ. ಅವಳು ಏನನ್ನುತ್ತಾಳೆಂದು ನನಗೆ ಗೊತ್ತಿತ್ತು. ಉಸಿರು ತೆಗೆದುಕೊಳ್ಳದೆ 'ಬರಲಿ' ಅನ್ನುತ್ತಾಳೆ, ಅದರ ಹಿಂದೆಯೇ 'ನಾ ಹೇಳಿದ್ದಿಲ್ಲೇನು' ಅನ್ನುತ್ತಾಳೆ. ಅವಳೊಬ್ಬಳ ಮಾತಿಗೆ ಇಡೀ ಗುಂಪು ಎದ್ದು ಬಂದರೆ, ಬಸ್‌ಸ್ಟ್ಯಾಂಡಿನಿಂದ ಹಿಡಿದು ಮದುವೆ ಮನೆಯವರೆಗೆ ಅವಳು ಅದನ್ನೇ ಹೇಳಿಕೊಂಡು ತಿರುಗುತ್ತಾಳೆ. ಫೋನ್ ಮಡಿಲಲ್ಲಿ ಇಟ್ಟು ಅಕ್ಕಿ ಆರಿಸುತ್ತ ಕೂತೆ. ಮರೆತೆ ಎಂದರೆ ಸುಳ್ಳಾಗುತ್ತದೆ. ಅವಳ ಉತ್ತರ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ಮುಂದಿನ ಸಂತೆಗೆ ತಮ್ಮ ಫೋನ್ ಮಾಡಿದ. ಎಲ್ಲರೂ ಇರಲಿ ಅಂದರು ಎಂದೆ.

"ಮಲ್ದಕಲ್ ತಂಗಿ ಏನಂದಳು?"

"ಅಕಿನೂ ಇರ್ಲಿ ಅಂದಳು."

"ಅಕಿ ಅಂದಳಾ? ಖರೇನಾ?"

"ಅಂದಳಪ. ನಾ ಸುಳ್ಳು ಹೇಳ್ತೀನೇನು?"

ಆ ವಾರದಲ್ಲೇ ಆಯಿತು. ಮೋರಿಯ ಆಚೆ ಪೈಪು ಇಡಲು ಮಣ್ಣು ಅಗೆಯುತ್ತಿದ್ದರು. ಮುಂದೆ ಚಿಗವ್ವನ ಮಗಳ ಗಂಡ ಗುದ್ದಲಿ ಹಿಡಿದಿದ್ದ, ಹಿಂದೆ ನನ್ನ ತಮ್ಮ ಅಳತೆಯ ದಾರ ಹಿಡಿದಿದ್ದ. ಗುದ್ದಲಿ ಬಿದ್ದಲ್ಲಿ ಮಣ್ಣೊಳಗಿನದು ಸಿಡಿಯಿತು. ಹೆಣ ಗದ್ವಾಲ್ ದಾಟಿ ಮಲ್ದಕಲ್ಲಿಗೆ ಪೆಟ್ಟಿಗೆಯಲ್ಲಿ ಬಂತು. ಮುಖ ನೋಡಬೇಕೆಂದು ಹೆಂಡತಿ ಅತ್ತರೂ ಪೆಟ್ಟಿಗೆ ತೆರೆಯಲಿಲ್ಲ. ಪೇಪರಿನಲ್ಲಿ ಆ ಸಾವು ಗೋದಾವರಿ ಆಚೆಯ ಜಿಲ್ಲೆಯ ಹೆಸರಿನಡಿ ಬಂತು, 'ಇನ್ನೊಬ್ಬ ಕೂಲಿ' ಎಂದು. ಅಲ್ಲಿ ಸಿಡಿದದ್ದರಿಂದ ಅಲ್ಲಿಯ ಲೆಕ್ಕ. ನಮ್ಮ ಜಿಲ್ಲೆ ಆ ವರ್ಷವೂ ಶಾಂತವಾಗಿತ್ತು ಎಂದೇ ಆಗುತ್ತದೆ. ಅತ್ತವರು ಮಾತ್ರ ಮಲ್ದಕಲ್‌ನಲ್ಲಿದ್ದರು. ಗಾಯವಾದವನು ಮಕ್ತಲ್‌ನಲ್ಲಿದ್ದ.

ತಮ್ಮ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮಲ್ದಕಲ್‌ನವರು ಒಂದು ಜೀಪು ತುಂಬ ಬಂದರು. ನಮ್ಮ ಓಣಿಯವರೂ ಸೇರಿದರು. ಸತ್ತವನ ಅಪ್ಪ ಮಾತು ತೆಗೆದ.

"ಜಾಗಾ ಕೆಟ್ಟೈತಿ ಅಂತ ನಿನಗ ಗೊತ್ತಿತ್ತೋ ಇಲ್ಲೋ ಮೇಸ್ತ್ರಿ?"

"ಗೊತ್ತಿತ್ತ್ರಿ ಕಾಕಾ" ಎಂದ ತಮ್ಮ, ಮಂಚದ ಮೇಲಿಂದ. "ಅದಕ್ಕ ಮನಿ ಮನಿಗೂ ಕೇಳಿಸಿದೆ. ನಿಮ್ಮ ಮನಿಗೂ ಕೇಳಿಸಿದೆ."

ಚಿಗವ್ವನ ಮಗಳು ನಡುವೆ ಬಂದು ನಿಂತಳು. "ಯಾರು ಕೇಳ್ಯಾರ ನನ್ನ? ಯಾವ ಬಾಯಿ ಕೇಳೇತಿ? ಕೇಳಿದ್ರ ನಾ ಅದ ಗಳಿಗ್ಯಾಗ ಬಾ ಅಂತಿದ್ನಿ!"

"ಅಕ್ಕನ್ನ ಕೇಳ್ರಿ" ಎಂದ ತಮ್ಮ.

ಎಲ್ಲರೂ ನನ್ನ ಕಡೆ ನೋಡಿದರು. ಅವಳ ಮೈದುನ ಕೈಯಲ್ಲಿ ಬಡಿಗೆ ಹಿಡಿದೇ ಬಂದಿದ್ದ. ನನಗೆ ಹೆದರಿಕೆಯಾಗಿದ್ದು ನಿಜ, ಆದರೆ ಹೆದರಿಕೆಯಿಂದ ಹೇಳಿದೆ ಎಂದರೆ ಪೂರ್ತಿ ಸತ್ಯವಲ್ಲ. ಅವಳ ಎದುರು ಸೋಲಲು ಆಗಲೂ ಮನಸ್ಸು ಬರಲಿಲ್ಲ.

"ಉಳಿದ ಮನಿಗೆಲ್ಲಾ ನಾ ಕೇಳೀನಿ" ಎಂದೆ. "ಮಲ್ದಕಲ್ಲಿಗೆ ತಾನೇ ಮಾತಾಡ್ತೀನಿ ಅಂದಿದ್ದ ಇವ."

ತಮ್ಮ ನನ್ನ ಮುಖವನ್ನೇ ನೋಡಿದ. ಸುಳ್ಳು ಎಂದು ಕೂಗಲಿಲ್ಲ. "ಅಕ್ಕ ಅಂದಮ್ಯಾಲ ಮುಗೀತ್ರಿ" ಎಂದು ಗೋಡೆಯ ಕಡೆ ತಿರುಗಿದ. ಸತ್ತವನ ಅಪ್ಪ ಅಂಗಳದಲ್ಲಿ ಉಗುಳಿ, "ಹೆಣದ ಮ್ಯಾಲೂ ಸುಳ್ಳು ಹೇಳ್ತೀಯಲ್ಲೋ" ಎಂದು ಎದ್ದುಹೋದ. ಬಡಿಗೆಯ ಏಟೊಂದು ಮಂಚದ ಕಾಲಿಗೆ ಬಿತ್ತು. ನಮ್ಮ ಓಣಿಯ ಒಬ್ಬರೂ ಅಡ್ಡ ಬರಲಿಲ್ಲ.

ಅಲ್ಲಿಂದ ತಮ್ಮನ ಹೆಸರು ಸುಳ್ಳ ಮೇಸ್ತ್ರಿ ಎಂದೇ ಆಯಿತು. ಅವನು ಹೆಂಡತಿಯನ್ನು ಕರೆದುಕೊಂಡು ನಾರಾಯಣಪೇಟೆಗೆ ಹೋದ. ಮಗ್ಗದ ಶೆಡ್ಡಿನ ಕಾವಲು ಅವನಿಗೆ, ನೂಲಿನ ಕಂಡಿಕೆ ಸುತ್ತುವುದು ಅವಳಿಗೆ. ಹಬ್ಬಕ್ಕೆ ನಾನು ಕಳಿಸಿದ ರೊಟ್ಟಿ ಬುತ್ತಿ ಕಟ್ಟಿದ ಹಾಗೇ ತಿರುಗಿ ಬಂತು. ತಂದವನು ತಮ್ಮ ಹೇಳಿದ್ದನ್ನೂ ಹೇಳಿದ: "ಅಕೀ ರೊಟ್ಟಿ ಅಕೀಗೇ ಅರಗವಲ್ಲವು, ನನಗೆಲ್ಲಿ ಅರಗ್ತಾವ ಅಂದ್ರಿ." ನನಗೂ ಸಿಟ್ಟು ಬಂತು. ಇದ್ದರೆ ಇರಲಿ ಎಂದುಕೊಂಡೆ. ಹೀಗೆ ವರ್ಷಗಳು ಹೋದವು.

ಈ ಮಳೆಗಾಲದಲ್ಲಿ ಸೀರೆಯ ಕೆಲಸಕ್ಕೆ ನಾರಾಯಣಪೇಟೆಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಒಂದು ಗುಂಪು ಗುದ್ದಲಿ, ಪುಟ್ಟಿ, ಪಾತ್ರೆಯ ಚೀಲ ಇಟ್ಟುಕೊಂಡು ನಿಂತಿತ್ತು. ಅವರ ನಡುವೆ ಬಗಲುಕೋಲು ಊರಿಕೊಂಡು ತಮ್ಮ ಮಾತಾಡುತ್ತಿದ್ದ. ನಾನು ಕಂಬದ ಹಿಂದೆ ನಿಂತೆ. ಗುಂಪು ಅದೇ ಅಡವಿಯ ಕಡೆ ಹೊರಟಿತ್ತು.

"ಈಗ ಅಲ್ಲಿ ತಣ್ಣಗ ಆಗೇತಿ ಅಂತಾರ. ಮ್ಯಾಲೆ ತಣ್ಣಗ ಆಗಿರ್ತೈತಿ, ಮಣ್ಣಾಗ ಇಟ್ಟಿದ್ದು ಅಲ್ಲೇ ಇರ್ತೈತಿ" ಎನ್ನುತ್ತಿದ್ದ ತಮ್ಮ. "ರೋಲರ್ ಹೋದ ಜಾಗಾ ಬಿಟ್ಟು ಕಾಲಿಡಬ್ಯಾಡ್ರಿ. ಹಳ್ಳಿಯವರು ಬ್ಯಾಡ ಅಂದ್ರ ಅಲ್ಲೇ ನಿಲ್ರಿ."

ಅವರ ಮೇಸ್ತ್ರಿ ಬೀಡಿ ಕಚ್ಚಿಕೊಂಡೇ ನಕ್ಕ. "ಅಯ್ಯೋ ಮಾವಾ, ನಿನ್ನ ಮಾತು ಕೇಳಿದಾಂವ ಮಲ್ದಕಲ್‌ನಾಗ ಮಣ್ಣಾಗಿ ಮಲಗ್ಯಾನಲ್ಲ! ಮೊದಲ ಅಂವಗ ಹೇಳಿ ಬಾ ಹೋಗು."

ಎಲ್ಲರೂ ನಕ್ಕರು. ಬಸ್ಸು ಬಂತು, ಹತ್ತಿದರು, ಹೋಯಿತು. ತಮ್ಮ ಬಗಲುಕೋಲಿನ ಮೇಲೆ ಭಾರ ಹಾಕಿ ಅಲ್ಲೇ ನಿಂತಿದ್ದ. ಅವನಿಗೆ ಆ ಅಡವಿ ಗೊತ್ತು. ಕಾಲು ಕೊಟ್ಟು ಕಲಿತದ್ದು. ಅದನ್ನು ಹೇಳಿದರೆ ಕೇಳುವವರಿಲ್ಲ. ಅವನ ಮಾತಿಗೆ ಬೆಲೆ ಇಲ್ಲದ ಹಾಗೆ ಮಾಡಿದವಳು ಕಂಬದ ಹಿಂದೆ ನಿಂತಿದ್ದೆ. ಆ ಗುಂಪಿನವರಿಗೆ ಈವರೆಗೆ ಏನೂ ಆಗಿಲ್ಲ. ಆದರೆ ಆ ಮಧ್ಯಾಹ್ನ ನನಗೆ ಅದು ಗೊತ್ತಿರಲಿಲ್ಲ.

ಎದುರಿಗೆ ಹೋದೆ. "ತಮ್ಮಾ, ನಾ ತಪ್ಪು ಮಾಡೀನಿ" ಎಂದೆ.

"ನನಗ್ಯಾಕ ಹೇಳ್ತಿ? ನನಗ ಗೊತ್ತಿಲ್ಲೇನು?" ಎಂದ. "ಗೊತ್ತಿಲ್ಲದವರ ಮುಂದ ಹೋಗಿ ಹೇಳು."

"ಹೇಳ್ತೀನಿ. ನಾಳೀಗೇ ಮಲ್ದಕಲ್ಲಿಗೆ ಹೋಗ್ತೀನಿ."

"ನಾನೂ ಬರ್ತೀನಿ" ಎಂದ. "ನಿನ್ನ ಮ್ಯಾಲಿನ ಮಮತಿಗಲ್ಲ. ಅಲ್ಲಿ ಹೋಗಿ ಮತ್ತೊಂದು ಸುಳ್ಳು ಹೇಳಿದ್ರ ಕೇಳಾಕ."

ಮಕ್ತಲ್‌ನಲ್ಲಿ ಮರುದಿನ ಬಸ್ಸು ಹತ್ತಿದವನು ನನ್ನ ಪಕ್ಕ ಕೂರಲಿಲ್ಲ. ಮುಂದೆ ಡ್ರೈವರಿನ ಹಿಂದೆ ಕೂತ. ಜೂರಾಲ ಅಣೆಕಟ್ಟಿನ ಮೇಲೆ ಹೋಗುವಾಗ ಎಲ್ಲರೂ ನೀರು ನೋಡುತ್ತಿದ್ದರು. ಅವನು ತನ್ನ ಮಡಚಿ ಕಟ್ಟಿದ ಪ್ಯಾಂಟಿನ ಕಾಲನ್ನೇ ನೋಡುತ್ತಿದ್ದ. ಗದ್ವಾಲ್‌ನಲ್ಲಿ ಇಳಿದು ಆಟೋ ಮಾಡಿಕೊಂಡೆವು.

ಚಿಗವ್ವನ ಮಗಳು ಹತ್ತಿ ಹೊಲದ ಕೂಲಿಯಿಂದ ಬಂದು ಅಂಗಳದಲ್ಲಿ ಕೈಕಾಲು ತೊಳೆಯುತ್ತಿದ್ದಳು. ನಮ್ಮನ್ನು ನೋಡಿ ಚೊಂಬು ಕೆಳಗಿಡಲಿಲ್ಲ. ಕೂಡ್ರಿ ಎನ್ನಲಿಲ್ಲ.

"ಏನ್ ನೋಡಾಕ ಬಂದ್ರಿ ಇಬ್ರೂ? ನಾ ಹೆಂಗ ಕೂಲಿ ಮಾಡ್ತೀನಿ ಅಂತ ನೋಡಾಕೇನು? ನೋಡಿದ್ರಲ್ಲ, ನಡೀರಿ."

"ಕಾಕಾನ್ನ ಕರಿ" ಎಂದೆ. "ಅವತ್ತು ಜೀಪಿನ್ಯಾಗ ಬಂದವರು ಯಾರ‍್ಯಾರು ಅದಾರ, ಅವರನ್ನೂ ಕರಿ."

"ಕರೀತೀನಿ. ಬಡಿಗಿ ತರ್ರಿ ಅಂತನೂ ಹೇಳಲೇನು?"

"ತರ್ಲಿ."

ಅವಳು ನನ್ನನ್ನು ಒಮ್ಮೆ ಸರಿಯಾಗಿ ನೋಡಿ ಒಳಗೆ ಕೂಗಿದಳು. ಮಾವ ಬಂದ, ಮೈದುನ ಬಂದ, ಅಕ್ಕಪಕ್ಕದವರು ಬಂದರು. ತಮ್ಮ ಬೇವಿನ ಗಿಡದ ಕೆಳಗೆ ಕೋಲು ಊರಿಕೊಂಡು ದೂರ ನಿಂತ. ಮೈದುನ ಅವನನ್ನು ನೋಡಿ ಹಲ್ಲು ಕಡಿದ. ನೀರು ಕೇಳುವ ಮುಖ ನನಗಿರಲಿಲ್ಲ. ಅವಳ ಎದುರು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದೆ.

"ತಂಗೀ, ಇವ ಸುಳ್ಳ ಅಲ್ಲ. ಮಲ್ದಕಲ್ಲಿಗೆ ಕೇಳು, ಮರೀಬ್ಯಾಡ ಅಂತ ನನಗ ಹೇಳಿದ್ದ. ನಾ ಕೇಳಲಿಲ್ಲ. ನೀ ಬಾ ಅಂತೀದಿ ಅಂತ ಗೊತ್ತಿತ್ತು. ನಿನ್ನ ಮಾತು ಗೆಲ್ಲಬಾರದು ಅಂತ ಕೇಳಲಿಲ್ಲ. ನೀ ಇರ್ಲಿ ಅಂದಿ ಅಂತ ಇವಗ ಸುಳ್ಳು ಹೇಳಿದೆ. ಆಮ್ಯಾಲ ನಿಮ್ಮೆಲ್ಲರ ಮುಂದ ಇವನ ಮ್ಯಾಲೆ ಹಾಕಿದೆ. ನಿನ್ನ ಗಂಡನ್ನ ಅಲ್ಲಿ ಉಳಿಸಿದಾಕಿ ನಾನು."

ಚೊಂಬು ಅವಳ ಕೈಯಿಂದ ನನ್ನ ಭುಜಕ್ಕೆ ಬಡಿದು ಕೆಳಗೆ ಬಿತ್ತು. ಯಾರೋ ಹೆಂಗಸು ಅವಳನ್ನು ಹಿಡಿದುಕೊಂಡಳು. ನಾನು ಹಿಂದೆ ಸರಿಯಲಿಲ್ಲ.

"ಹೊಡಿ ತಂಗೀ. ತಪ್ಪು ನಂದು. ನಿನ್ನ ಕ್ಷಮಾ ಕೇಳಾಕ ಬಾಯಿ ಇಲ್ಲ, ಆದ್ರೂ ಕೇಳ್ತೀನಿ."

ಆಮೇಲೆ ಬೇವಿನ ಗಿಡದ ಕಡೆ ತಿರುಗಿದೆ.

"ತಮ್ಮಾ, ನಿನ್ನ ಮಾತು ಖರೇ ಇತ್ತು. ಸುಳ್ಳು ಮಾಡಿದಾಕಿ ನಾನು. ತಪ್ಪಾತಪ್ಪಾ."