ಬಟ್ಟೆ ಕಟ್ಟಿದ್ದ ಬೆಂಡೆಗಿಡ

ಕೊಲ್ಲಿ ದೇಶದ ರಿಗ್ಗೈ ಬಡಾವಣೆಯ ಆ ಫ್ಲಾಟಿನಲ್ಲಿ ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಗಂಡ ಕಚೇರಿಗೆ, ಮಕ್ಕಳು ಸ್ಕೂಲಿಗೆ ಹೋದರೆ ಹತ್ತು ಸಲ ಕಿಟಕಿಗೆ, ಹತ್ತು ಸಲ ಕೆಳಗೆ. ಕೆಳಗೆ ಕಟ್ಟಡದ ಕಾವಲುಗಾರ, ಸುಡಾನಿನವನು, ಹಿಂದಿನ ಮರಳಿನಲ್ಲಿ ಬೆಂಡೆ, ಬದನೆ ಬೆಳೆಯುತ್ತಿದ್ದ. ಮೂರು ಮಹಡಿಯ ತರಕಾರಿ ಸಿಪ್ಪೆ, ಚಹಾದ ಚರಟ, ಎಲ್ಲಿಂದಲೋ ತಂದ ಕುರಿ ಹಿಕ್ಕೆ, ಇಷ್ಟೇ ಗೊಬ್ಬರ. ಬೇಕಾದ್ದು ಕಿತ್ತುಕೊಳ್ಳಿ ಎಂದು ನನಗೆ ಬಿಟ್ಟಿದ್ದ.

ಅವನಿಗಿದ್ದ ಚಿಂತೆ ಒಂದೇ. ಊರಲ್ಲಿ ಅವನ ಹೆಂಡತಿ ಬೆಂಡೆ ಬೆಳೆದು, ಒಣಗಿಸಿ ಪುಡಿ ಮಾಡಿಟ್ಟು, ಏನೂ ಸಿಗದ ತಿಂಗಳುಗಳಲ್ಲಿ ಅದನ್ನೇ ಬೇಯಿಸಿ ಮಕ್ಕಳನ್ನು ಸಾಕುತ್ತಿದ್ದಳು. ಹೋದ ಸಲ ಮಳೆ ಕೈಕೊಟ್ಟಾಗ ಬಿತ್ತನೆಗೆ ಇಟ್ಟ ಬೀಜವನ್ನೂ ಹುರಿದು ತಿಂದಿದ್ದರು. ಇವನ ಪೆಟ್ಟಿಗೆಯ ಮೂಲೆಯಲ್ಲಿ ಆ ಬೀಜ ಒಂದಿಷ್ಟು ಉಳಿದಿತ್ತು; ಅಂಗಡಿ ಬೀಜದ ಬೆಂಡೆಯ ಜೊತೆಗೆ ಅದನ್ನೂ ಬಿತ್ತಿದ್ದ. ತಿಂಗಳು ಕಳೆದು ರಜೆಗೆ ಹೋಗುವಾಗ ಹೊಸ ಬೀಜ ಒಯ್ಯಬೇಕು. ಇದನ್ನೆಲ್ಲ ಅವನೇ ನನಗೆ ಹೇಳಿದ್ದ. ಆ ಗಿಡ ಯಾವುದು ಎಂದು ನಾನು ಕೇಳಲಿಲ್ಲ. ಕೇಳುವಷ್ಟು ಹೊತ್ತು ನಿಂತರೆ ತಾನೆ?

ಒಂದು ಬೆಳಿಗ್ಗೆ ಮೂಲೆಯ ಎರಡು ಗಿಡಗಳಿಗೆ ಕೆಂಪು ಬಟ್ಟೆಯ ಚೂರು ಕಟ್ಟಿದ್ದು ಕಂಡು ನಗು ಬಂತು. ನಮ್ಮ ಕಡೆ ಚೆನ್ನಾಗಿ ಕಾಯಿ ಬಿಟ್ಟ ಗಿಡಕ್ಕೆ ದೃಷ್ಟಿಯಾಗದಿರಲಿ ಎಂದು ಹೀಗೇ ಏನಾದರೂ ಕಟ್ಟುತ್ತಾರೆ. ಇವನೂ ನಮ್ಮ ಥರದವನೇ ಅಂದುಕೊಂಡೆ. ಇನ್ನೆರಡು ದಿನ ಬಿಟ್ಟರೆ ನಾರಾಗುತ್ತವೆ ಎಂದು ಅಷ್ಟೂ ಕಾಯಿ ಕಿತ್ತು ಗೊಜ್ಜು ಮಾಡಿದೆ.

ಮಧ್ಯಾಹ್ನ ಊಟಕ್ಕೆ ಬಂದ ಗಂಡನಿಗೆ ದೃಷ್ಟಿಯ ಕತೆ ಹೇಳಿ ನಕ್ಕೆ. ಅವರು ನಗಲಿಲ್ಲ.

"ಅಯ್ಯೋ, ಅದು ಬೀಜಕ್ಕೆ ಬಿಟ್ಟಿದ್ದು ಕಣೇ! ಯಾರೂ ಕೀಳಬಾರ್ದು ಅಂತ ಬಟ್ಟೆ ಕಟ್ಟಿದೀನಿ ಅಂತ ನಿನ್ನೆ ನಂಗೆ ಹೇಳ್ದ."

ಅನ್ನ ಬಿಟ್ಟು ಎದ್ದೆ. ಮತ್ತೆ ಕಾಯಿ ಬಿಟ್ಟು, ಬಲಿತು ಒಣಗುವಷ್ಟರಲ್ಲಿ ಅವನ ರಜೆಯೇ ಮುಗಿದಿರುತ್ತದೆ. ಮೆಟ್ಟಿಲಿಳಿಯುವಾಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು. ಅವನು ಆಗಲೇ ಗಿಡಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ. ನಾನೇ ಕಿತ್ತೆ ಎಂದೆ. ಬೈಯಲಿ ಎಂದು ಕಾದೆ.

ಬೀಜದ ಕಾಯಿಯನ್ನು ಕಿತ್ತು ತಿನ್ನುವುದಕ್ಕೆ ಅವನಿಗೆ ಗೊತ್ತಿದ್ದ ಕಾರಣ ಒಂದೇ. ತನಗೆ ಬರುವ ಹರಕುಮುರುಕು ಉರ್ದುವಿನಲ್ಲಿ ಮೆತ್ತಗೆ ಕೇಳಿದ.

"ಮದಾಮ್, ಮನೇಲಿ ಮಕ್ಕಳು ಹಸಿದಿದ್ರಾ?"

ನಿಜ ಹೇಳಲು ಬಾಯಿ ಬರಲಿಲ್ಲ. ಹೌದು ಎಂದುಬಿಟ್ಟೆ.

"ಹಾಗಾದ್ರೆ ತಪ್ಪಿಲ್ಲ" ಎಂದು ಎದ್ದು, ಬದನೆಯ ಸಾಲಿಗೆ ಹೋಗಿ, ಎಳೆಯ ಕಾಯಿಗಳನ್ನೆಲ್ಲ ಕಿತ್ತು ತಂದು ನನ್ನ ಸೆರಗಿಗೆ ಸುರಿದ.