ಹದಿನಾರು ಆಳಿನ ಕಂಪ್ಯೂಟರು

ನನ್ನ ಹಳೆಯ ಕಂಪ್ಯೂಟರಿನ ನೆತ್ತಿ ಎಷ್ಟು ಬಿಸಿಯೇರುತ್ತಿತ್ತೆಂದರೆ, ಮಳೆಗಾಲದಲ್ಲಿ ಥಂಡಿ ಹಿಡಿಯದಿರಲೆಂದು ನನ್ನಾಕೆ ಬೆಂಕಿಪೊಟ್ಟಣವನ್ನು ಅದರ ಮೇಲೆ ಇಡುತ್ತಿದ್ದಳು. ಶಿರಸಿಯ ಒಂದು ಮಹಡಿಯ ಕೋಣೆಯಲ್ಲಿ ಕೂತು ಸುತ್ತಲಿನ ಊರುಗಳ ನಕ್ಷೆ ಬರೆದುಕೊಡುವುದು ನನ್ನ ವೃತ್ತಿ. ಗುಡ್ಡವೊಂದನ್ನು ಲೆಕ್ಕಕ್ಕೆ ಕೊಟ್ಟರೆ ಆ ಯಂತ್ರ ಇಡೀ ದಿನ ಬುಸುಗುಟ್ಟಿ, ಸಂಜೆ ಹೊತ್ತಿಗೆ ಕೈಚೆಲ್ಲಿ ಕೂರುತ್ತಿತ್ತು. ಹೊಸದನ್ನು ಕೊಳ್ಳಲೇಬೇಕಾಯಿತು.

ಪ್ರೊಸೆಸರಿನ ಆಯ್ಕೆಯೆಂದರೆ, ಓದುಗ ಮಿತ್ರರೇ, ಹೆಣ್ಣು ಗಂಡು ನೋಡುವುದಕ್ಕಿಂತ ಕಷ್ಟ. ಇಲ್ಲಿ ಜಾತಕವೆಲ್ಲ ಅಂಕಿಗಳೇ. ಅಂಗಡಿಯ ರಿಯಾಜ್ ನನಗೆ ಎರಡನ್ನು ತೋರಿಸಿದ. ಒಂದರೊಳಗೆ ಹದಿನಾರು ಕೋರುಗಳು, ಅಂದರೆ ಹದಿನಾರು ಆಳುಗಳಿದ್ದಂತೆ. ಇನ್ನೊಂದರಲ್ಲಿ ಆರೇ, ಆದರೆ ಒಂದೊಂದೂ ಹೆಚ್ಚು ಚುರುಕು. “ಸರ್, ನಿಮ್ ನಕ್ಷೆ ಸಾಫ್ಟ್‌ವೇರು ಬಹಳಷ್ಟು ಕೆಲ್ಸ ಒಬ್ನ ಹತ್ರಾನೇ ಮಾಡಿಸ್ತದೆ. ಆರರದ್ದೇ ತಗೊಳ್ರಿ” ಎಂದ.

ನಾನು ಕೇಳಲಿಲ್ಲ. ಮುರಿಯಾಳಿನ ಸೀಮೆಯಲ್ಲಿ ಹುಟ್ಟಿದವನು ನಾನು. ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು ಎಂದು ಇಪ್ಪತ್ತು ಜನ ಸಾಲಾಗಿ ಬಾಗಿ, ಮಧ್ಯಾಹ್ನದೊಳಗೆ ನೆಟ್ಟಿ ಮುಗಿಸಿದ್ದನ್ನು ಕಣ್ಣಾರೆ ಕಂಡವನು. ಆಳು ಹೆಚ್ಚಿದ್ದರೆ ಕೆಲಸ ಹಗುರ ಎಂಬುದು ನನ್ನ ರಕ್ತದಲ್ಲೇ ಇದೆ. ಹದಿನಾರನ್ನೇ ಹೊತ್ತು ತಂದೆ.

ಆಗ ನನ್ನ ಕೈಯಲ್ಲಿದ್ದದ್ದು ನಿಲ್ಕುಂದದ ಕಡೆಯ ಒಂದು ಗುಡ್ಡದ ನಕ್ಷೆ. ಗುಡ್ಡದ ಒಂದು ಮಗ್ಗುಲನ್ನು ಯಂತ್ರದಿಂದ ಅಗೆದು ಗಿಡ ನೆಡುವುದೆಂದು ಊರಿನವರು ತೀರ್ಮಾನಿಸಿದ್ದರು. ಕೆಳಗಿನ ಎಂಟು ಮನೆಗಳಿಗೆ ಕುಡಿಯುವ ನೀರು ಆ ಗುಡ್ಡದ ಹಳ್ಳದಿಂದಲೇ ಪೈಪಿನಲ್ಲಿ ತಾನಾಗಿ ಇಳಿದು ಬರುವ ಅಬ್ಬಿ ನೀರು. ನೀರು ಯಾವ ಮಗ್ಗುಲಿನಿಂದ ಬರುತ್ತದೋ ಅದನ್ನು ಮುಟ್ಟುವುದಿಲ್ಲ, ನಕ್ಷೆ ನೋಡಿ ಶುಕ್ರವಾರದ ಸಭೆಯಲ್ಲಿ ನಿರ್ಧರಿಸೋಣ ಎಂದಿದ್ದರು.

ಹೊಸ ಯಂತ್ರಕ್ಕೆ ಗುಡ್ಡವನ್ನು ಕೊಟ್ಟೆ. ರಿಯಾಜ್ ಹೇಳಿದ್ದೇ ಆಯಿತು: ಒಬ್ಬ ಆಳು ಬೆವರು ಸುರಿಸುತ್ತಿದ್ದ, ಹದಿನೈದು ಮಂದಿ ಗದ್ದೆಯ ಬದುವಿನ ಮೇಲೆ ಎಲೆಯಡಿಕೆಯ ಕವಳ ಹಾಕುತ್ತ ಕೂತಿದ್ದರು. ನನಗೆ ಕೆಟ್ಟ ಸಿಟ್ಟು ಬಂತು. ಗದ್ದೆಯಲ್ಲಿ ಸಾಲು ಹಂಚುವಂತೆ ಗುಡ್ಡವನ್ನೇ ಹದಿನಾರು ತುಂಡು ಮಾಡಿ ಒಬ್ಬೊಬ್ಬನಿಗೆ ಒಂದೊಂದು ಕೊಟ್ಟೆ. ಹಿಂದೆ ಯಲ್ಲಾಪುರದ ನಂದೊಳ್ಳಿ ಕಡೆಯ ಮರಗಳನ್ನು ಎಣಿಸಿದಾಗ ಹೀಗೆಯೇ ತುಂಡು ಮಾಡಿದ್ದೆ, ಒಂದೂ ತಪ್ಪಿರಲಿಲ್ಲ. ಈ ಸಲವೂ ಚಹ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ರಿಯಾಜನಿಗೆ ಫೋನು ಮಾಡಿ ಸ್ವಲ್ಪ ಜಂಬ ಕೊಚ್ಚಿಕೊಂಡೆ ಕೂಡ.

ಗುರುವಾರ ಬೆಳಿಗ್ಗೆ ಮಹಾದೇವಕ್ಕ ಬಸ್ಸಿಳಿದು ಬಂದರು. ಎಂಟು ಮನೆಗಳಲ್ಲಿ ಒಂದು ಅವರದು. ಪೈಪಿಗೆ ಕಸ ಕಟ್ಟಿದರೆ ಗುಡ್ಡ ಹತ್ತಿ ಬಿಡಿಸುವವರೂ ಅವರೇ. ಸಭೆಗೆ ಮುಂಚೆ ನಕ್ಷೆಯನ್ನೊಮ್ಮೆ ನೋಡಬೇಕೆಂದರು. ಪಡುವಣ ಮಗ್ಗುಲಿಗೂ ನಿಮ್ಮ ನೀರಿಗೂ ಸಂಬಂಧವಿಲ್ಲ, ಅಗೆದರೆ ಚಿಂತೆಯಿಲ್ಲ ಎಂದು ನಾನು ದೊಡ್ಡಸ್ತಿಕೆಯಿಂದ ವಿವರಿಸಿದೆ. ಅವರು ಪರದೆಗೆ ಮುಖ ಹತ್ತಿರ ತಂದು ಬಹಳ ಹೊತ್ತು ನೋಡಿ, ಒಂದು ನೀಲಿ ಗೆರೆಯ ತುದಿಗೆ ಬೆರಳಿಟ್ಟರು.

“ಈ ಹಳ್ಳ ಇಲ್ಲಿ ನಿಲ್ತಿಲ್ಲೆ. ಆನು ಇದ್ನೇ ಹಿಡ್ಕಂಡು ಮೇಲೆ ಹೋಗ್ತೆ.”

ಗೆರೆ ನಿಂತದ್ದು ಸರಿಯಾಗಿ ನನ್ನ ತುಂಡಿನ ಅಂಚಿನಲ್ಲಿ. ಮರ ನಿಂತಲ್ಲೇ ನಿಲ್ಲುತ್ತದೆ, ಯಾರು ಎಣಿಸಿದರೂ ಮರವೇ. ನೀರು ಹಾಗಲ್ಲ. ಮೇಲಿನ ತುಂಡಿನಿಂದ ಎಷ್ಟು ನೀರು ಇಳಿದು ಬಂತೆಂದು ಕೆಳಗಿನ ತುಂಡಿನ ಆಳಿಗೆ ನಾನು ಹೇಳಿಯೇ ಇರಲಿಲ್ಲ. ಅವನು ತನ್ನ ಪಾಲಿನ ಗುಡ್ಡ ಒಣಗಿದೆಯೆಂದೇ ಲೆಕ್ಕ ಒಪ್ಪಿಸಿದ್ದ. ನನ್ನ ಅವಸರಕ್ಕೆ ಎಂಟು ಮನೆಗಳು ನೀರು ಕಳೆದುಕೊಳ್ಳುತ್ತಿದ್ದವು. ಜಂಬದ ಫೋನು ನೆನಪಾಗಿ ನಾಚಿಕೆಯಾಯಿತು.

ಗುಡ್ಡವನ್ನು ಮತ್ತೆ ಇಡಿಯಾಗಿ, ಆ ಒಬ್ಬನೇ ಆಳಿಗೆ ಒಪ್ಪಿಸಿದೆ. ಅಕ್ಕ ಸಂತೆ ಮುಗಿಸಿ ಬಂದರು, ಊಟ ಮಾಡಿದರು, ಕುರ್ಚಿಯಲ್ಲೇ ತೂಕಡಿಸಿದರು. ನಾನು ಎದ್ದು ಕೂತು ಮಾಡಿದೆ. ಕೆಲಸ ನಿಧಾನವಾದರೆ ಸಿಡುಕುವ ನನಗೆ ಅಂದು ಆ ನಿಧಾನದ ಮೇಲೆ ಒಂದು ಬಗೆಯ ಗೌರವವೇ ಹುಟ್ಟಿತು. ಸಂಜೆಯ ಬಸ್ಸಿಗೆ ಸ್ವಲ್ಪ ಮುಂಚೆ ನೀಲಿ ಗೆರೆ ಪಡುವಣ ಮಗ್ಗುಲಿನ ನೆತ್ತಿಯಿಂದ ಹೊರಟು, ಎಲ್ಲಿಯೂ ಕಡಿಯದೆ, ಪೈಪಿನ ಬಾಯಿಗೆ ಬಂದು ಸೇರಿತು.

ಶುಕ್ರವಾರ ಸಭೆ ಪಡುವಣ ಮಗ್ಗುಲನ್ನು ಮುಟ್ಟುವುದಿಲ್ಲವೆಂದು ತೀರ್ಮಾನಿಸಿತು. ಅಲ್ಲಿ ಹಾಸಿದ್ದ ನಕ್ಷೆಯ ಕೆಳಗೆ ‘ತಯಾರಿಸಿದವರು’ ಎಂಬಲ್ಲಿ ನನ್ನ ಹೆಸರಿನ ಮೇಲೆ ಮಹಾದೇವಕ್ಕನ ಹೆಸರಿತ್ತು. ಅದನ್ನು ಕಂಡು ಅವರಿಗೆ ಸಂಕೋಚವಾಯಿತು.

“ಆನು ಎಂತ ಮಾಡ್ದೆ? ಹಳ್ಳ ಇದ್ದಲ್ಲೇ ಇದ್ದು ಹೇಳಿ ಹೇಳ್ದೆ, ಅಷ್ಟೇಯ.”

ನಾನು ಅಷ್ಟನ್ನೂ ಹೇಳಿರಲಿಲ್ಲ, ಅಕ್ಕಾ, ಎಂದೆ.